ಗಿಡದಿಂದ ಬಂದರಷ್ಟೇ ಹಸಿರಾಗುತ್ತದೆಯೇ?

ಪತ್ರ: ಮರದ ಪುಡಿ, ಹತ್ತಿಯ ಸೆಲ್ಯುಲೋಸ್ (ಗಿಡದ ನಾರಿನ ಮೂಲವಸ್ತು) ಬಳಸಿ ಜಿಂಕ್ ಆಕ್ಸೈಡ್‌ನ ನ್ಯಾನೊ ಕಣಗಳನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು, ತಯಾರಿಸುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ಅದು ಹಸಿರು ವಿಧಾನ, ಅಂದರೆ ಪರಿಸರಕ್ಕೆ ಹಾನಿ ಮಾಡದ ವಿಧಾನ, ಎಂದು ಮಾತ್ರ ನೀವು ಒಪ್ಪಲಿಲ್ಲ. ಗಿಡದ ವಸ್ತುವಿನ ಮೇಲೂ ಅನುಮಾನವೇ? – ರಸಾಯನಶಾಸ್ತ್ರದ ವಿದ್ಯಾರ್ಥಿನಿ

ಸಂಪಾದಕರ ಉತ್ತರ: ಇಷ್ಟು ನೇರವಾಗಿ ಕೇಳಿದ್ದು ಖುಷಿಯಾಯಿತು. ಸೆಲ್ಯುಲೋಸ್ ಒಳ್ಳೆಯ ವಸ್ತು, ಒಪ್ಪುತ್ತೇನೆ. ಅದರ ಹೈಡ್ರಾಕ್ಸಿಲ್ ಗುಂಪುಗಳು (ಆಮ್ಲಜನಕ-ಜಲಜನಕದ ಜೋಡಿಗಳು) ಲೋಹದ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಇರುವ ಲೋಹದ ಕಣಗಳನ್ನು, ಹಿಡಿದಿಡುತ್ತವೆ. ಕಣಗಳು ಗಂಟು ಕಟ್ಟುವುದು ಕಡಿಮೆಯಾಗುತ್ತದೆ. ಎಷ್ಟೋ ಸಲ ನೀರೇ ದ್ರಾವಕವಾಗಿ ಸಾಕಾಗುತ್ತದೆ.

ಆದರೆ ಬೀಕರಿಗೆ ಬೀಳುವ ಮೊದಲು ಆ ಸೆಲ್ಯುಲೋಸ್ ಏನೇನು ಪಾಡು ಪಟ್ಟಿತ್ತು? ಮರದಲ್ಲಿ ಅದು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಜೊತೆ ಹೆಣೆದುಕೊಂಡಿರುತ್ತದೆ. ಬಿಡಿಸಲು ಕಾಸ್ಟಿಕ್ ಸೋಡಾದಲ್ಲಿ ಬೇಯಿಸುತ್ತಾರೆ, ಸೋಡಿಯಂ ಕ್ಲೋರೈಟ್ ಹಾಕಿ ಬಿಳಿ ಮಾಡುತ್ತಾರೆ. ಸೆಲ್ಯುಲೋಸ್‌ನ ನ್ಯಾನೊ ಹರಳು ಬೇಕಿದ್ದರೆ ಸುಮಾರು 64% ಸಲ್ಫ್ಯೂರಿಕ್ ಆಮ್ಲ. ಆ ಆಮ್ಲ ಹೋಗುವ ತನಕ ತೊಳೆಯುತ್ತಲೇ ಇರಬೇಕು. ಆಮೇಲೆ ಜಿಂಕ್ ನೈಟ್ರೇಟ್ ಬೆರೆಸಿ 400–500 ಡಿಗ್ರಿ ಸೆಲ್ಸಿಯಸ್‌ನ ಫರ್ನೇಸಿಗೆ ಇಟ್ಟರೆ ಸೆಲ್ಯುಲೋಸ್ ಸುಟ್ಟುಹೋಗಿ ಜಿಂಕ್ ಆಕ್ಸೈಡ್ ಕಣ ಉಳಿಯುತ್ತದೆ, ನೈಟ್ರೇಟ್ ಒಡೆದು ನೈಟ್ರೋಜನ್ ಆಕ್ಸೈಡ್‌ಗಳು ಗಾಳಿಗೆ ಸೇರುತ್ತವೆ. ಇದನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಹೇಗೆ?

ವಿಸ್ಕೋಸ್ ಕಥೆ ನೆನಪಿಸಿಕೊಳ್ಳಿ. 1892ರಲ್ಲಿ ಬ್ರಿಟನ್ನಿನ ರಸಾಯನಶಾಸ್ತ್ರಜ್ಞರಾದ ಕ್ರಾಸ್, ಬೆವನ್ ಮತ್ತು ಬೀಡಲ್ ಪೇಟೆಂಟ್ ಪಡೆದ ದಾರ ಅದು. ಕಚ್ಚಾವಸ್ತು ಮರದ ತಿರುಳೇ. ಆದರೆ ಅದನ್ನು ಕರಗಿಸಲು ಕಾರ್ಬನ್ ಡೈಸಲ್ಫೈಡ್ ಬೇಕಿತ್ತು. ಅದರ ಆವಿ ಕುಡಿದ ಕಾರ್ಮಿಕರ ನರಗಳು ಹಾಳಾದವು, ಕೆಲವರ ಬುದ್ಧಿಯೇ ಕೆಟ್ಟಿತು. ಮುಂದೆ ಬಂದ ಲಯೋಸೆಲ್ ಎಂಬ ದಾರಕ್ಕೂ ಅದೇ ತಿರುಳು. ಬದಲಾದದ್ದು ದ್ರಾವಕ, ಅದನ್ನು ಹೆಚ್ಚುಕಡಿಮೆ ಪೂರ್ತಿ ಹಿಂದೆ ಪಡೆದು ಮತ್ತೆ ಬಳಸುತ್ತಾರೆ. ನನಗೆ ಹಸಿರು ಕಾಣುವುದು ಅಲ್ಲಿ.

ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಕೊಟ್ಟ ಹಸಿರು ರಸಾಯನಶಾಸ್ತ್ರದ 12 ತತ್ವಗಳನ್ನು ನೀವು ಪರೀಕ್ಷೆಗೆ ಓದಿರುತ್ತೀರಿ, ಅಲ್ವಾ? ಮತ್ತೆ ಬೆಳೆಯುವ ಕಚ್ಚಾವಸ್ತು ಬಳಸಿ ಎನ್ನುವುದು ಅದರಲ್ಲಿ ಏಳನೆಯದು. ತ್ಯಾಜ್ಯ ಹುಟ್ಟದಂತೆ ನೋಡಿಕೊಳ್ಳಿ ಎನ್ನುವುದು ಮೊದಲನೆಯದು. ಏಳನೆಯದನ್ನು ಹಿಡಿದು ಮೊದಲನೆಯದನ್ನು ಬಿಟ್ಟಿದ್ದೀರಿ. ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ತ್ಯಾಜ್ಯ ಎಂದು ಅಳೆಯಲು ರಸಾಯನಶಾಸ್ತ್ರಜ್ಞ ರೋಜರ್ ಶೆಲ್ಡನ್ ಇ-ಫ್ಯಾಕ್ಟರ್ ಎಂಬ ಅಳತೆ ಕೊಟ್ಟು ಮೂವತ್ತು ವರ್ಷ ದಾಟಿದೆ. ಬರೀ ಒಂದು ಭಾಗಾಕಾರ. ಅದನ್ನೂ ಮಾಡದೆ ಹಸಿರು ಎಂದು ಶೀರ್ಷಿಕೆ ಕೊಡುವ ಪ್ರಬಂಧಗಳನ್ನು ಓದಿ ಓದಿ ನನಗೆ ಬೇಸರ ಬಂದಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು ಪುಟಗಟ್ಟಲೆ ಇರುತ್ತವೆ. ಕೊನೆಗೆ ಎಷ್ಟು ಗ್ರಾಂ ಸಿಕ್ಕಿತು, ತೊಳೆಯಲು ಎಷ್ಟು ನೀರು ಹೋಯಿತು ಎಂಬ ಸಾಲು ಹುಡುಕಿದರೂ ಸಿಗುವುದಿಲ್ಲ. ಒಂದು ವಿಚಾರಗೋಷ್ಠಿಯಲ್ಲಿ ಪ್ರಬಂಧ ಮಂಡಿಸಿದವರೊಬ್ಬರನ್ನು ಇದನ್ನೇ ಕೇಳಿದೆ. ಅದನ್ನು ಅಳೆದಿಲ್ಲ ಎಂದು ಹೇಳಿ ಮುಂದಿನ ಸ್ಲೈಡಿಗೆ ಹೋದರು.

ತಪ್ಪು ಅವರೊಬ್ಬರದೇ ಅಲ್ಲ. ಪ್ರಬಂಧಗಳನ್ನು ಎಣಿಸಿ ಕೆಲಸ, ಬಡ್ತಿ ಕೊಡುವ ವ್ಯವಸ್ಥೆ ಇದು. ಅದೇ ವಿಧಾನವನ್ನು ಕಿಲೋ ಲೆಕ್ಕದಲ್ಲಿ ಮಾಡಿ ನೋಡುವವರಿಗೆ ದುಡ್ಡೂ ಇಲ್ಲ, ಹೆಸರೂ ಇಲ್ಲ. ಪತ್ರಿಕೆಗಳೂ ತಮಗೆ ಬಂದ ಪತ್ರಿಕಾ ಪ್ರಕಟಣೆಯನ್ನು ಹಾಗೇ ಅಚ್ಚು ಹಾಕುತ್ತವೆ.

ನಿಮಗೆ ಲ್ಯಾಬ್ ಇದೆ, ವಯಸ್ಸೂ ಇದೆ. ಮುಂದಿನ ಸಲ ಕಣ ಮಾಡುವಾಗ ಒಳಗೆ ಹಾಕಿದ್ದು, ಹೊರಗೆ ಚೆಲ್ಲಿದ್ದು, ತೊಳೆದ ನೀರು, ಫರ್ನೇಸಿನ ಕರೆಂಟು ಎಲ್ಲವನ್ನೂ ಬರೆದಿಡಿ. ಲೆಕ್ಕ ನಿಮ್ಮ ಮಾತಿನ ಪರ ಬಂದರೂ ಸರಿ, ನನ್ನ ಮಾತಿನ ಪರ ಬಂದರೂ ಸರಿ, ಕಳಿಸಿಕೊಡಿ. ಪೂರ್ತಿ ಪ್ರಕಟಿಸುತ್ತೇನೆ.