ಹೊಲ ಅಡವಿಡುವ ಮುನ್ನ: ಹೆಲಿಕಾಪ್ಟರ್ ಪೈಲಟ್ ಆಗಬಯಸಿದ ಯುವತಿಯ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ 21 ವರ್ಷದ ಯುವತಿ, ಭೌತಶಾಸ್ತ್ರ ಮತ್ತು ಗಣಿತದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದವಳು, ತಂದೆ ಮತ್ತು ಕಾಕಾನೊಂದಿಗೆ ವೃತ್ತಿ ಸಲಹೆ ಕೇಳಲು ನನ್ನ ಬಳಿ ಬಂದಿದ್ದಳು. ಬೀದರ್ ವಾಯುನೆಲೆಯ ತರಬೇತಿ ವಿಮಾನಗಳನ್ನು ನೋಡುತ್ತ ಬೆಳೆದ ಆಕೆಗೆ ಹೆಲಿಕಾಪ್ಟರ್ ಹಾರಿಸುವ ಆಸೆಯಿತ್ತು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಮೀಸಲಾತಿ ಇರುವಾಗ ಬಿ.ಎಡ್. ಮುಗಿಸಿ ಶಿಕ್ಷಕಿಯಾಗಲಿ ಎಂಬುದು ತಂದೆಯ ಇಚ್ಛೆ. ಕಾಕಾ ಮಾತ್ರ ಮೊಬೈಲಿನಲ್ಲಿ ಪೈಲಟ್‌ಗಳ ಸಂಬಳ ತೋರಿಸಿ, ತೊಗರಿಯ ಹೊಲ ಅಡವಿಟ್ಟಾದರೂ ಓದಿಸೋಣ ಎನ್ನುತ್ತಿದ್ದರು.

ಅವರು ತೋರಿಸಿದ್ದು ವರ್ಷಗಟ್ಟಲೆ ಹಾರಾಡಿದ ಕ್ಯಾಪ್ಟನ್‌ಗಳ ಸಂಬಳವೆಂಬುದನ್ನು ಮೊದಲು ತಿಳಿಸಿದೆ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಹೆಲಿಕಾಪ್ಟರಿನಲ್ಲಿ 150 ಗಂಟೆಗಳ ಹಾರಾಟ ಸಾಕಾದರೂ, ಒಂದೊಂದು ಗಂಟೆಯ ತರಬೇತಿಯೂ ಸಣ್ಣ ವಿಮಾನಕ್ಕಿಂತ ಬಹಳ ದುಬಾರಿ. ಅಷ್ಟು ಖರ್ಚು ಮಾಡಿ ಹೊರಬಂದ ಹೊಸಬರು, ಸೇನೆಯಲ್ಲಿ ಸಾವಿರಾರು ಗಂಟೆ ಹಾರಿ ನಿವೃತ್ತರಾದವರೊಂದಿಗೆ ಅದೇ ಕೆಲವು ಹುದ್ದೆಗಳಿಗೆ ಪೈಪೋಟಿ ನಡೆಸಬೇಕು. 7.5 ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಕೋರ್ಸ್ ಮುಗಿದು ಒಂದು ವರ್ಷವಾದ ಮೇಲೆ, ಕೆಲಸ ಸಿಗಲಿ ಬಿಡಲಿ, ಕಂತು ಕಟ್ಟಬೇಕು.

ಕೆಲಸದ ಸ್ವರೂಪವನ್ನೂ ಮರೆಮಾಚಲಿಲ್ಲ. ಅರಬ್ಬಿ ಸಮುದ್ರದಲ್ಲಿರುವ ಮುಂಬೈ ಹೈ ತೈಲ ವೇದಿಕೆಗಳಿಗೆ ಹಾರುವವರು ವಾರಗಟ್ಟಲೆ ಮನೆಯಿಂದ ದೂರವಿರುತ್ತಾರೆ. ಕೇದಾರನಾಥದ ಯಾತ್ರಾ ಹಾರಾಟ ಋತುಮಾನದ್ದು, ಕಣಿವೆಯಲ್ಲಿ ಮೋಡ ಕವಿದರೆ ಅಪಾಯಕಾರಿ. 2022ರ ಅಕ್ಟೋಬರ್ ಮತ್ತು 2025ರ ಜೂನ್ ತಿಂಗಳ ಅಪಘಾತಗಳಲ್ಲಿ ತಲಾ ಏಳು ಜನ ಸತ್ತರು. ಪ್ರತಿ ವರ್ಷ ಮೊದಲ ದರ್ಜೆಯ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕು. ಶಿಕ್ಷಕಿಯ ಸಂಬಳ ಕಡಿಮೆಯಿದ್ದರೂ, ರಕ್ತದೊತ್ತಡ ಬಂತೆಂಬ ಕಾರಣಕ್ಕೆ ಆ ಕೆಲಸ ನಿಲ್ಲುವುದಿಲ್ಲ.

ಹಾಗೆಂದು ಆಸೆ ಬಿಡು ಎಂದು ನಾನು ಹೇಳಲಿಲ್ಲ, ಹೇಳುವ ಮನಸ್ಸೂ ನನಗಿರಲಿಲ್ಲ. ಈಕೆಯ ಹಂಬಲ ಗಟ್ಟಿಯಾಗಿತ್ತು. ಅಧಿಕಾರಿಗಳ ಆಯ್ಕೆಗಾಗಿ ವರ್ಷಕ್ಕೆರಡು ಬಾರಿ ನಡೆಯುವ ವಾಯುಪಡೆಯ ಎಎಫ್‌ಕ್ಯಾಟ್ ಪರೀಕ್ಷೆ ಬರೆಯಲು ಸೂಚಿಸಿದೆ. ಆಯ್ಕೆಯಾದರೆ ತರಬೇತಿಯ ವೆಚ್ಚ ಸರ್ಕಾರದ್ದು. ಅಧಿಕಾರಿಯಾದ ಮೇಲೆ 56,100 ರೂಪಾಯಿ ಮೂಲವೇತನ, 15,500 ಸೇನಾ ಸೇವಾ ವೇತನ, ಜೊತೆಗೆ ಪ್ರತಿ ತಿಂಗಳು ಹಾರಾಟ ಭತ್ಯೆ ದೊರೆಯುತ್ತವೆ. ಹೆಲಿಕಾಪ್ಟರೇ ಸಿಗುತ್ತದೆಂಬ ಖಾತರಿಯಿಲ್ಲ, ಅದನ್ನು ನಿರ್ಧರಿಸುವುದು ವಾಯುಪಡೆ. ಪೈಲಟ್ ಯೋಗ್ಯತಾ ಪರೀಕ್ಷೆಗೆ ಜೀವನದಲ್ಲಿ ಒಂದೇ ಅವಕಾಶವಿರುವುದರಿಂದ ತಯಾರಿಯಿಲ್ಲದೆ ಹೋಗಬಾರದೆಂದೂ ಎಚ್ಚರಿಸಿದೆ.

ಪದವಿ ಮುಗಿಯುವವರೆಗೆ ಸಾಲದ ಅರ್ಜಿ ಹಾಕಬಾರದು, ಮೊದಲು ಕಣ್ಣು ಮತ್ತು ಎತ್ತರದ ಪರೀಕ್ಷೆ ಮಾಡಿಸಬೇಕು, ಬಿ.ಎಡ್. ಅರ್ಜಿಯನ್ನೂ ತುಂಬಿಡಬೇಕು ಎಂಬ ಮೂರು ಮಾತುಗಳಿಗೆ ಮೂವರೂ ಒಪ್ಪಿದರು. ಕಾಕಾ ಅಡವಿನ ವಿಚಾರವನ್ನು ಎಎಫ್‌ಕ್ಯಾಟ್ ಫಲಿತಾಂಶದವರೆಗೆ ಮುಂದೂಡಿದ್ದಾರೆ.