ಮನೆ-ದುಡ್ಡು: ಪೇಟೆ ಬಿದ್ದಾಗ ಪ್ಲಾಟ್ ಕೊಳ್ಳಬೇಕೇ?

ಪ್ರಶ್ನೆ: ಮೇಡಂ, ವಿಜಯಪುರದಲ್ಲಿ ನನ್ನದು ಗೊಬ್ಬರ, ಔಷಧಿ ಅಂಗಡಿ. ದ್ರಾಕ್ಷಿ ಬೆಳೆಗಾರರೇ ಹೆಚ್ಚಿನ ಗಿರಾಕಿಗಳು. ಒಣದ್ರಾಕ್ಷಿಗೆ ದರ ಸಿಗದೆ ಅವರ ಉದ್ರಿ ವಾಪಸ್ ಬರುತ್ತಿಲ್ಲ. ನನ್ನ ವ್ಯಾಪಾರವೂ ಇಳಿದಿದೆ. ಆದರೆ ಬ್ಯಾಂಕಿನಲ್ಲಿ 22 ಲಕ್ಷ ರೂಪಾಯಿ ಎಫ್‌ಡಿ ಇದೆ. ಈಗ ಎಲ್ಲರೂ ಮಾರುತ್ತಿದ್ದಾರೆ, ಕೊಳ್ಳಲು ಇದೇ ಸಮಯ ಅಂತ ಗೆಳೆಯರು ಹೇಳುತ್ತಾರೆ. ಅಥಣಿ ರಸ್ತೆ ಕಡೆ ಒಂದೊಂದು ಗುಂಟೆಯ ಎರಡು ಪ್ಲಾಟ್ ಇವೆ, ಒಂದಕ್ಕೆ 9 ಲಕ್ಷ. ಮೊದಲು 12 ಹೇಳುತ್ತಿದ್ದರು. ಇನ್ನೊಂದು, ಊರೊಳಗಿನ ಹಳೆ ಮನೆ. 34 ಲಕ್ಷ ಕೇಳುತ್ತಾರೆ. ಕೆಳಗೆ, ಮೇಲೆ ಸೇರಿ ತಿಂಗಳಿಗೆ 11,000 ಬಾಡಿಗೆ ಬರುತ್ತದೆ. ಇನ್ನೊಂದು ಮಹಡಿ ಏರಿಸಬಹುದಂತೆ. ಯಾವುದು ತಗೊಳ್ಳಲಿ?
— ಓದುಗರು, ವಿಜಯಪುರ

ಉತ್ತರ: ಪ್ಲಾಟ್ ಬೇಡ. ಮನೆ ನೋಡಬಹುದು, ಆದರೆ 34 ಲಕ್ಷಕ್ಕೆ ಬೇಡ.

ಮೊದಲು ನಿಮ್ಮ ಅಂಗಡಿಯ ಮಾತು. ನಿಮ್ಮ ಉದ್ರಿ ಸಿಕ್ಕಿಕೊಂಡಿರುವುದು ದ್ರಾಕ್ಷಿಯಲ್ಲಿ. ಅಥಣಿ ರಸ್ತೆಯ ಪ್ಲಾಟಿಗೆ ನಾಳೆ ಗಿರಾಕಿ ಯಾರು? ಆ ಕಡೆಯ ಬೆಳೆಗಾರರು, ಅವರ ಜೊತೆ ವ್ಯವಹಾರ ಮಾಡುವವರು. ಅಂದರೆ ನಿಮಗೆ ದುಡ್ಡು ಬೇಕಾದ ಹೊತ್ತಿಗೇ ಕೊಳ್ಳುವವರ ಕೈಯಲ್ಲೂ ದುಡ್ಡಿರುವುದಿಲ್ಲ. ನಾನು ಬ್ಯಾಂಕಿನಲ್ಲಿ ಮನೆ ಸಾಲದ ಮೇಜಿನ ಹಿಂದೆ ಕೂತು ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಪೇಟೆ ಬಿದ್ದಾಗ ಕೊಂಡವರಲ್ಲಿ ಕೈ ಸುಟ್ಟುಕೊಂಡವರು ಬೆಲೆ ಜಾಸ್ತಿ ಕೊಟ್ಟವರೇ ಆಗಿರಲಿಲ್ಲ. ಕೈಯಲ್ಲಿದ್ದುದನ್ನೆಲ್ಲ ಹಾಕಿ, ಆಮೇಲೆ ಅರ್ಧ ಬೆಲೆಗೆ ಮಾರಬೇಕಾಗಿ ಬಂದವರು. ಆದ್ದರಿಂದ ಈ 22 ಲಕ್ಷದಲ್ಲಿ ಅಂಗಡಿಗೆ, ಮನೆಖರ್ಚಿಗೆ, ಮಕ್ಕಳ ಫೀಗೆ ಅಂತ 6-7 ಲಕ್ಷವನ್ನು ಮುಟ್ಟಲೇಬೇಡಿ. ಅದು ಇಲ್ಲ ಅಂತಲೇ ತಿಳಿದು ಲೆಕ್ಕ ಹಾಕಿ.

ಖಾಲಿ ಪ್ಲಾಟ್ ಒಂದು ರೂಪಾಯಿ ಬಾಡಿಗೆ ತರುವುದಿಲ್ಲ. 12 ಇದ್ದದ್ದು 9 ಆಯಿತು ಅಂತ ಖುಷಿಪಡಬೇಡಿ. ಆ 12 ಲಕ್ಷಕ್ಕೆ ಯಾರಾದರೂ ನಿಜವಾಗಿ ಕೊಂಡಿದ್ದರೇ? ಅದನ್ನು ನೋಂದಣಿಯಾದ ಖರೀದಿ ಪತ್ರದಲ್ಲಿ ನೋಡಿ, ಏಜೆಂಟರ ಬಾಯಲ್ಲಿ ಅಲ್ಲ. ಬುರಣಾಪುರದ ವಿಮಾನ ನಿಲ್ದಾಣದ ಹೆಸರು ಹೇಳಿ ಊರಿನ ನಾಲ್ಕೂ ದಿಕ್ಕಿನಲ್ಲಿ ಪ್ಲಾಟ್ ಮಾರಿದ್ದನ್ನು ನೀವೂ ನೋಡಿರಬೇಕು. ಮುಂದೆ ಬರುವುದಕ್ಕೆ ಇವತ್ತೇ ದುಡ್ಡು ಕೊಡಬೇಡಿ.

'ಗುಂಟೆ ಪ್ಲಾಟ್' ಅಂದಾಗ ನನಗೆ ಇನ್ನೊಂದು ಹೆದರಿಕೆ. ಒಂದು ಗುಂಟೆ ಅಂದರೆ 1,089 ಚದರ ಅಡಿ. ಹೊಲವನ್ನು ಎನ್‌ಎ (ಕೃಷಿಯೇತರ ಜಮೀನು) ಮಾಡಿಸದೆ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ, ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟು ಮಾರುವವರು ನಮ್ಮ ಕಡೆ ಕಡಿಮೆ ಇಲ್ಲ. ಆ ಬಾಂಡ್ ನಿಮ್ಮನ್ನು ಮಾಲೀಕರನ್ನಾಗಿ ಮಾಡುವುದಿಲ್ಲ. ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಆದ ಎನ್‌ಎ ಆದೇಶ ಕೇಳಿ. ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ ಕೇಳಿ. 500 ಚದರ ಮೀಟರ್ ಮೀರಿದ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಬೇಕು. ಪಂಚಾಯಿತಿ ವ್ಯಾಪ್ತಿಯಾದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ಸಕ್ರಮ ಆಸ್ತಿಯ ನಮೂನೆ 9 ಮತ್ತು 11ಎ ಇದೆಯೋ, ಒಪ್ಪಿಗೆಯಿಲ್ಲದ ಜಾಗಕ್ಕೆ ಕೊಡುವ 11ಬಿ ಮಾತ್ರ ಇದೆಯೋ ನೋಡಿ. 11ಬಿ ತೋರಿಸಿ 'ಇದೂ ಅದೇ, ಸಾಲ ಸಿಗುತ್ತೆ' ಅಂದರೆ ಎದ್ದು ಬನ್ನಿ.

ಈಗ ಮನೆ. ನಾನು ಬಾಡಿಗೆಯಿಂದ ಬೆಲೆ ಅಳೆಯುತ್ತೇನೆ. ತಿಂಗಳಿಗೆ 11,000 ಅಂದರೆ ವರ್ಷಕ್ಕೆ 1,32,000. ಮನೆ ತೆರಿಗೆ, ಸುಣ್ಣ-ಬಣ್ಣ, ನಡುವೆ ಒಂದು ತಿಂಗಳು ಖಾಲಿ ಬಿದ್ದದ್ದು ಎಲ್ಲ ಕಳೆದರೆ 1,10,000 ಉಳಿದೀತು. 34 ಲಕ್ಷದ ಮೇಲೆ ನೋಂದಣಿ ಖರ್ಚು ಸೇರಿಸಿ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ ಶೇ 2 ಆಗಿದೆ. ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ಶೇ 7.6 ಆಗುತ್ತದೆ. ಅಲ್ಲಿಗೆ ನಿಮ್ಮ ಕೈಯಿಂದ ಹೋಗುವುದು 36 ಲಕ್ಷ 58 ಸಾವಿರ. ಅದಕ್ಕೆ ವರ್ಷಕ್ಕೆ ಶೇ 3ರಷ್ಟು ಆದಾಯ. ಎಫ್‌ಡಿ ಇದಕ್ಕಿಂತ ಜಾಸ್ತಿ ಕೊಡುತ್ತದೆ, ಅಲ್ವಾ?

28 ಲಕ್ಷಕ್ಕೆ ಕೇಳಿ. ನಾಚಿಕೆ ಬೇಡ. ಪೇಟೆ ಬಿದ್ದಾಗ ಕಾಯುವ ಶಕ್ತಿ ಇರುವುದು ಕೊಳ್ಳುವವರಿಗೆ. 28 ಲಕ್ಷಕ್ಕೆ ನೋಂದಣಿ 2 ಲಕ್ಷ 13 ಸಾವಿರ. ನೀವು ಸುಮಾರು 15 ಲಕ್ಷ ಹಾಕಿ 15 ಲಕ್ಷ ಸಾಲ ಮಾಡಿದರೆ, ಶೇ 8.5 ಬಡ್ಡಿಯಲ್ಲಿ 20 ವರ್ಷಕ್ಕೆ ಕಂತು 13,017 ರೂಪಾಯಿ. ಬಾಡಿಗೆ 11,000 ಬರುತ್ತದೆ, ಎರಡು ಸಾವಿರ ಕೈಯಿಂದ. ಅಂಗಡಿ ಮಂಕಾಗಿದ್ದರೂ ಇದನ್ನು ತಾಳಬಹುದು. ಮುಟ್ಟಬೇಡಿ ಅಂದ ಹಣವೂ ಉಳಿಯಿತು.

ಬಡ್ಡಿ ಇಷ್ಟೇ ಇರುತ್ತದೆ ಅಂತ ಮಾತ್ರ ನಂಬಬೇಡಿ. 2020ರ ಮೇನಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು) ಶೇ 4ಕ್ಕೆ ಇಳಿಸಿತ್ತು. ಅಗ್ಗದ ಸಾಲ ಅಂತ ಆಗ ಕೊಂಡವರು ಬಹಳ. 2023ರ ಫೆಬ್ರುವರಿಗೆ ಅದು ಶೇ 6.5 ಆಯಿತು. ಕಂತು ಏರಿತು, ಇಲ್ಲವೇ ಸಾಲದ ವರ್ಷಗಳು ಬೆಳೆದವು. ಸಾಲ ತೀರಿಸುವ ಹೊತ್ತಿಗೆ ನಾನು ನಿವೃತ್ತಿ ಆಗಿರುತ್ತೇನಲ್ಲ ಅಂತ ಶಿಕ್ಷಕರೊಬ್ಬರು ನನ್ನ ಮುಂದೆ ಕೂತು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ನಿಮ್ಮ 15 ಲಕ್ಷಕ್ಕೆ ಬಡ್ಡಿ ಶೇ 10.5 ಆದರೆ ಕಂತು 15,000ದ ಹತ್ತಿರ ಹೋಗುತ್ತದೆ. ಅದನ್ನೂ ಕಟ್ಟಬಲ್ಲಿರಾ ಅಂತ ಮನೆಯವರ ಜೊತೆ ಕೂತು ನೋಡಿ.

ಬೆಲೆ ಇಳಿಸಿ ಕೊಳ್ಳುವಾಗ ಹೆಚ್ಚಿನವರು ಮರೆಯುವ ಒಂದು ವಿಷಯವಿದೆ. ಆ ಜಾಗದ ಸರ್ಕಾರಿ ಮಾರ್ಗಸೂಚಿ ಬೆಲೆ ಎಷ್ಟು? ಅದು 34 ಲಕ್ಷ ಇದ್ದು ನೀವು 28ಕ್ಕೆ ಕೊಂಡರೆ, ಮುದ್ರಾಂಕ ಶುಲ್ಕ 34ರ ಮೇಲೆಯೇ. ಜೊತೆಗೆ ವ್ಯತ್ಯಾಸ ಶೇ 10 ಮೀರಿದರೆ ಆ 6 ಲಕ್ಷವನ್ನು ಆದಾಯ ತೆರಿಗೆಯವರು ನಿಮ್ಮ ಆದಾಯ ಅಂತಲೇ ಹಿಡಿಯುತ್ತಾರೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮಾರ್ಗಸೂಚಿ ಬೆಲೆ ನೋಡಿಕೊಂಡೇ ಮಾತಿಗೆ ಕೂಡಿ.

ಇನ್ನು 'ಮತ್ತೊಂದು ಮಹಡಿ ಏರಿಸಬಹುದು' ಅನ್ನುವ ಮಾತು. ವಿಜಯಪುರದಲ್ಲಿ ಇದನ್ನು ಯಾರು ಹೇಳಿದರೂ ಟೇಪು ಹಿಡಿದು ಅಳೆಯಿರಿ. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಅನುಮತಿ ಬೇಕು. 2010ರಲ್ಲಿ ಕಾಯ್ದೆ ತಿದ್ದುಪಡಿಯಾದಾಗಿನಿಂದ ಇದು ಬಿಗಿಯಾಗಿದೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನ್ ಎಲ್ಲರಿಗೂ ಗೊತ್ತು. ಓಣಿಯ ತುದಿಯ ಸಣ್ಣ ಗುಮ್ಮಟವೂ ಸಂರಕ್ಷಿತವೇ ಇರಬಹುದು. ಇದನ್ನು ಪುರಾತತ್ವ ಇಲಾಖೆಯ ಕಚೇರಿಯಲ್ಲೇ ಕೇಳಿ. ಮಹಡಿ ಏರಿಸಲು ಆಗದಿದ್ದರೆ ಅದರ ಹೆಸರಿನಲ್ಲಿ ಕೇಳುತ್ತಿರುವ ಬೆಲೆಯೂ ಇಳಿಯಬೇಕು.

ಹಾಗೆಯೇ ಗೋಡೆ ನೋಡಿ. ನಮ್ಮದು ಎರೆ ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಸೀಳು ಹೋಗಿದ್ದರೆ ತಳಪಾಯ ಕದಲಿದೆಯೇ ಅಂತ ಎಂಜಿನಿಯರ್ ಕಡೆಯಿಂದ ನೋಡಿಸಿ. ಹೊಸದಾಗಿ ಬಣ್ಣ ಬಳಿದ ಗೋಡೆಯನ್ನು ಇನ್ನೂ ಹತ್ತಿರದಿಂದ ನೋಡಿ.

ಕಡೆಗೆ ಕಾಗದ. ಕಷ್ಟಕ್ಕೆ ಮಾರುವವರ ಮನೆ ಮೇಲೆ ಸಾಲ ಇರುವುದೇ ಹೆಚ್ಚು. ಮೂವತ್ತು ವರ್ಷದ ಇ.ಸಿ. (ಆಸ್ತಿ ಮೇಲೆ ನೋಂದಣಿಯಾದ ವ್ಯವಹಾರ, ಸಾಲಗಳ ಪಟ್ಟಿ) ತೆಗೆಸಿ. ಇ.ಸಿ.ಯಲ್ಲಿ ಕಾಣದ ಸಾಲವೂ ಇರಬಹುದು. ಮೂಲ ಪತ್ರಗಳನ್ನು ಯಾವುದಾದರೂ ಸೊಸೈಟಿಯಲ್ಲಿಟ್ಟು ಸಾಲ ಎತ್ತಿರುತ್ತಾರೆ. ಹಾಗಾಗಿ ಮೂಲ ಪತ್ರ ಕಣ್ಣಾರೆ ನೋಡದೆ ಇಸಾರ ಕೊಡಬೇಡಿ, ಜೆರಾಕ್ಸ್ ನೋಡಿ ಒಂದು ರೂಪಾಯಿಯೂ ಬೇಡ. ಸಿಟಿ ಸರ್ವೆ ಉತಾರ, ಇ-ಖಾತಾ ಎರಡರಲ್ಲೂ ಮಾರುವವರದೇ ಹೆಸರಿರಬೇಕು. ಹಿರಿಯರಿಂದ ಬಂದ ಆಸ್ತಿ ಆದರೆ ಅಕ್ಕ-ತಂಗಿಯರ ಸಹಿ ಇಲ್ಲದೆ ಮುಂದೆ ಹೋಗಬೇಡಿ. ಹೆಣ್ಣುಮಕ್ಕಳಿಗೆ ಸಮಪಾಲು ಅಂತ 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಗಟ್ಟಿ ಮಾಡಿತು. 'ಅವರು ಏನೂ ಅನ್ನಲ್ಲ' ಅಂತ ಅಣ್ಣ-ತಮ್ಮಂದಿರು ಹೇಳುತ್ತಾರೆ. ಸುಮ್ನೆ ನಂಬಿ ಕೊಂಡು ಕೋರ್ಟಿಗೆ ಅಲೆಯುವವರು ನೀವು. ಅದಕ್ಕಿಂತ ಮುಖ್ಯವಾಗಿ, ಅದು ಆ ಹೆಣ್ಣುಮಕ್ಕಳ ಪಾಲು. ಅವರಿಗೆ ಗೊತ್ತಾಗದ ಹಾಗೆ ಕೊಳ್ಳುವುದು ನನ್ನ ಮನಸ್ಸಿಗೆ ಒಪ್ಪುವ ಮಾತಲ್ಲ.

ಪ್ರಶ್ನೆ: ಅಕ್ಕಾ, ನಾವಿರುವುದು ನವನಗರದಲ್ಲಿ, ಬಾಡಿಗೆ ಮನೆ. ಹಳೆ ಬಾಗಲಕೋಟೆಯಲ್ಲಿ ಹಿನ್ನೀರಿನ ಕಡೆಗೆ ಒಂದು ಮನೆ ಬಹಳ ಕಡಿಮೆಗೆ ಸಿಗುತ್ತಿದೆ. ನಮ್ಮ ಯಜಮಾನರಿಗೆ ಆಸೆ. ಮುಳುಗಡೆ ಆದರೂ ಪರಿಹಾರ ಬರುತ್ತದಲ್ಲ ಅನ್ನುತ್ತಾರೆ. ಸರಿಯೇ?
— ಓದುಗರು, ಬಾಗಲಕೋಟೆ

ಉತ್ತರ: ಬೇಡ ತಾಯಿ. ಅದು ಕಡಿಮೆಗೆ ಸಿಗುತ್ತಿರುವುದೇ ಆ ಕಾರಣಕ್ಕೆ. ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ 519.6 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಅದನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿದೆ. ಮುಳುಗಡೆ ಅಂದರೆ ಏನು ಅಂತ, ಮುಳುಗಡೆಯಾದವರಿಗಾಗಿಯೇ ಕಟ್ಟಿದ ನವನಗರದಲ್ಲಿ ಇರುವ ನಿಮಗೆ ನಾನು ಹೇಳಬೇಕಿಲ್ಲ.

ಪರಿಹಾರ ನಂಬಿ ಕೊಳ್ಳುವುದು ಹೂಡಿಕೆ ಅಲ್ಲ. ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ 2013ರ ಕಾಯ್ದೆಯ ಪ್ರಕಾರ ಆ ಆಸ್ತಿಯನ್ನು ಮಾರುವ, ಕೊಳ್ಳುವ ಹಾಗೇ ಇಲ್ಲ. ಅಧಿಸೂಚನೆ ಬಂದಿರದಿದ್ದರೂ ಪರಿಹಾರ ಯಾವಾಗ ಬರುತ್ತದೆ ಅಂತ ನಂಬಿ ಕಂತು ಕಟ್ಟುತ್ತೀರಿ? ಆ ಮನೆ ಯಾವ ಮಟ್ಟದಲ್ಲಿದೆ, ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅನ್ನುವುದನ್ನು ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಯಲ್ಲಿ ಅರ್ಜಿ ಕೊಟ್ಟು ಬರಹದಲ್ಲಿ ಪಡೆಯಿರಿ, ಯಜಮಾನರಿಗೆ ತೋರಿಸಿ. ಆ ದುಡ್ಡಿನಲ್ಲಿ ನವನಗರದಲ್ಲೇ ಚಿಕ್ಕದೊಂದು ಮನೆ ಹುಡುಕುವುದು ಒಳ್ಳೆಯದು. ಹಕ್ಕುಪತ್ರ, ನಂತರದ ಖರೀದಿ ಪತ್ರ ಎರಡೂ ಇದ್ದರೆ ಮಾತ್ರ.

ಪ್ರಶ್ನೆ: ಬೆಳಗಾವಿಯ ತಿಲಕವಾಡಿಯಲ್ಲಿ ಕಟ್ಟುತ್ತಿರುವ ಫ್ಲ್ಯಾಟ್, 42 ಲಕ್ಷ. ಕೆಲಸ ನಿಧಾನ ಆಗಿದೆ. ಈಗಲೇ 15 ಲಕ್ಷ ಕೊಟ್ಟರೆ, ಅದರಲ್ಲಿ ಸ್ವಲ್ಪ ನಗದು ಆದರೆ, 2 ಲಕ್ಷ ಬಿಡುತ್ತೇವೆ ಅನ್ನುತ್ತಾರೆ.
— ಓದುಗರು, ಉದ್ಯಮಬಾಗ, ಬೆಳಗಾವಿ

ಉತ್ತರ: ಕೊಡಬೇಡಿ. ನೋಂದಾಯಿತ ಮಾರಾಟ ಒಪ್ಪಂದ ಆಗುವ ಮೊದಲು ಶೇ 10ಕ್ಕಿಂತ ಹೆಚ್ಚು ಪಡೆಯುವ ಹಾಗಿಲ್ಲ ಅಂತ ರೇರಾ ಕಾಯ್ದೆ ಹೇಳುತ್ತದೆ. ನಿಮ್ಮ ಫ್ಲ್ಯಾಟಿಗೆ ಅದು 4 ಲಕ್ಷ 20 ಸಾವಿರ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದವರಿಗೆ ದಂಡ. ಕೊಟ್ಟ ನಿಮಗೆ ಒಪ್ಪಂದದಲ್ಲಿ ಆ ಹಣದ ಗುರುತೇ ಇರುವುದಿಲ್ಲ. ಕೆಲಸ ನಿಂತರೆ ಬಡ್ಡಿ ಸಮೇತ ವಾಪಸ್ ಕೇಳುವ ಹಕ್ಕು ನಿಮಗಿದೆ, ಆದರೆ ಕೇಳುವುದು ರಸೀದಿ ಇರುವ ಹಣವನ್ನು ಮಾತ್ರ.

ಕೆಲಸ ನಿಧಾನವಾಗಿದೆ ಅಂದಿರಿ. ರೇರಾ ಜಾಲತಾಣದಲ್ಲಿ ಆ ಯೋಜನೆ ಮುಗಿಸುವ ದಿನಾಂಕ, ಮೂರು ತಿಂಗಳಿಗೊಮ್ಮೆ ಹಾಕಬೇಕಾದ ವರದಿ ಎರಡನ್ನೂ ನೋಡಿ. ವರದಿ ನಿಂತುಹೋಗಿದ್ದರೆ ದೂರವಿರಿ. ಬಾಡಿಗೆಗೆ ಕೊಡುವ ಉದ್ದೇಶವಾದರೆ, ಇಂಥ ಕಾಲದಲ್ಲಿ ಕಟ್ಟಿ ಮುಗಿದು ಮಾರಾಟವಾಗದೆ ಉಳಿದ ಫ್ಲ್ಯಾಟುಗಳೂ ಸಿಗುತ್ತವೆ. ಒ.ಸಿ. (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಸಿಕ್ಕ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ನೀವೇ ಮೊದಲ ಖರೀದಿದಾರರಾಗಿ ಬೆಲೆ 45 ಲಕ್ಷದೊಳಗಿದ್ದರೆ ಮುದ್ರಾಂಕ ಶುಲ್ಕವೂ ಶೇ 5ರ ಬದಲು ಶೇ 3. ನೀರು, ಲಿಫ್ಟ್, ಪಾರ್ಕಿಂಗ್ ಎಲ್ಲ ಕಣ್ಣಿಗೆ ಕಾಣುತ್ತದೆ, ಮುಂದಿನ ತಿಂಗಳೇ ಬಾಡಿಗೆಗೆ ಕೊಡಬಹುದು.