ಸರ್ಕಾರಿ ವಕೀಲರ ಕಚೇರಿಯಲ್ಲಿ ಕಾನೂನು ಸಂಶೋಧಕರ ಕೆಲಸ ನಿಜವಾಗಿ ಹೇಗಿರುತ್ತದೆ?

ಕಾನೂನು ಪದವಿ ಮುಗಿಸಿರುವ ತಮಗೆ ಹೈಕೋರ್ಟಿನ ಸರ್ಕಾರಿ ವಕೀಲರಿಗೆ ನೆರವಾಗುವ ಸಂಶೋಧಕರ ಕೆಲಸ ಸಿಗುವಂತಿದೆ. ಅಲ್ಲಿ ದಿನವಿಡೀ ತೀರ್ಪು ಹುಡುಕಿಕೊಡುವುದಷ್ಟೇ ಇರುತ್ತದೆಯೇ, ವಾದ ಮಾಡದೆ ಕೆಲವು ವರ್ಷ ಕಳೆದರೆ ಮುಂದೆ ತೊಡಕಾಗುತ್ತದೆಯೇ ಎಂದು ಕೇಳಿದ್ದೀರಿ. ಕರ್ನಾಟಕ ಹೈಕೋರ್ಟಿನಲ್ಲಿ ಇದೇ ಕೆಲಸದಲ್ಲಿರುವವನಾಗಿ ಉತ್ತರಿಸುತ್ತಿದ್ದೇನೆ. ಸರ್ಕಾರದ ಪರವಾದ ತೀರ್ಪುಗಳನ್ನು ಒಟ್ಟುಗೂಡಿಸಿ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಸರ್ಕಾರಕ್ಕೆ ಪ್ರತಿಕೂಲವಾದ ದಾಖಲೆಯನ್ನೂ ತೀರ್ಪನ್ನೂ ಎದುರು ಪಕ್ಷದವರಿಗಿಂತ ಮೊದಲೇ ಕಂಡುಹಿಡಿದು, ನಮ್ಮ ವಕೀಲರಿಗೆ ಮುಚ್ಚುಮರೆಯಿಲ್ಲದೆ ತಿಳಿಸುವ ಸಂಶೋಧಕರೇ ಅಪರೂಪ, ಮತ್ತು ಈ ಹುದ್ದೆ ಇರುವುದು ಅದಕ್ಕಾಗಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಚೇರಿಯ ಚೌಕಟ್ಟನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸಂವಿಧಾನದ 165ನೇ ವಿಧಿಯಡಿ ನೇಮಕವಾಗುವ ಅಡ್ವೊಕೇಟ್ ಜನರಲ್ ಅವರು ಮುಖ್ಯಸ್ಥರು. ಅವರ ಕೆಳಗೆ ಹೆಚ್ಚುವರಿ ಅಡ್ವೊಕೇಟ್ ಜನರಲ್‌ಗಳು, ಸರ್ಕಾರಿ ವಕೀಲರು, ಹೆಚ್ಚುವರಿ ಸರ್ಕಾರಿ ವಕೀಲರು ಇರುತ್ತಾರೆ. ಬೆಂಗಳೂರಿನ ಪ್ರಧಾನ ಪೀಠದಲ್ಲಿಯೂ ಧಾರವಾಡ ಮತ್ತು ಕಲಬುರಗಿ ಪೀಠಗಳಲ್ಲಿಯೂ ಕೆಲಸದ ಸ್ವರೂಪ ಒಂದೇ. ಒಬ್ಬ ಸರ್ಕಾರಿ ವಕೀಲರ ಮುಂದೆ ಒಂದೇ ದಿನ ಭೂಸ್ವಾಧೀನ, ಸೇವಾ ವಿಷಯ, ಗಣಿ ಪರವಾನಗಿ, ಅಬಕಾರಿ ಹೀಗೆ ಸಂಬಂಧವೇ ಇಲ್ಲದ ಪ್ರಕರಣಗಳು ಬಂದು ನಿಲ್ಲುತ್ತವೆ. ಪ್ರತಿಯೊಂದನ್ನೂ ಆಳವಾಗಿ ಓದಲು ಅವರಿಗೆ ಸಮಯ ಸಿಗುವುದಿಲ್ಲ; ಆ ಓದು ನಮ್ಮ ಪಾಲಿನದು.

ಹೊಸಬರು ರಿಟ್ ಅರ್ಜಿ (ಸರ್ಕಾರದ ಆದೇಶವನ್ನು ಪ್ರಶ್ನಿಸಿ ಹೈಕೋರ್ಟಿಗೆ ಸಲ್ಲಿಸುವ ಅರ್ಜಿ) ಕೈಗೆ ಬಂದ ತಕ್ಷಣ ಕಂಪ್ಯೂಟರಿನಲ್ಲಿ ತೀರ್ಪು ಹುಡುಕಲು ಕೂರುತ್ತಾರೆ. ಮೊದಲು ಓದಬೇಕಾದದ್ದು ಇಲಾಖೆಯ ಮೂಲ ಕಡತ. ಇಲಾಖೆಯಿಂದ ನಮಗೆ ಬರುವ ಕಂಡಿಕೆವಾರು ಷರಾದಲ್ಲಿ ಅರ್ಜಿಯ ಪ್ರತಿ ಕಂಡಿಕೆಗೂ ಉತ್ತರವಿರುತ್ತದೆ. ಆದರೆ ಅದು ಅರ್ಜಿ ದಾಖಲಾದ ಮೇಲೆ, ಆದೇಶವನ್ನು ಸಮರ್ಥಿಸಿಕೊಳ್ಳುವ ಉದ್ದೇಶದಿಂದಲೇ ಬರೆದದ್ದು ಎಂಬುದನ್ನು ಮರೆಯಬಾರದು. ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ಒಬ್ಬರ ಪರವಾನಗಿಯನ್ನು ರದ್ದುಪಡಿಸಿದ ಎರಡು ಸಾಲಿನ ಆದೇಶವಿದೆ, ಅದರಲ್ಲಿ ‘ಷರತ್ತು ಉಲ್ಲಂಘಿಸಿರುವುದರಿಂದ’ ಎಂಬುದನ್ನು ಬಿಟ್ಟರೆ ಬೇರೆ ಕಾರಣವಿಲ್ಲ; ಷರಾದಲ್ಲಿ ಮಾತ್ರ ಸ್ಥಳ ಪರಿಶೀಲನೆ, ಬಾಕಿ ಶುಲ್ಕ, ನೆರೆಯವರ ದೂರು ಎಂದು ಕಾರಣಗಳ ಪಟ್ಟಿಯೇ ಇದೆ. ಇವುಗಳನ್ನೆಲ್ಲ ಅರ್ಜಿಗೆ ಸರ್ಕಾರ ಸಲ್ಲಿಸುವ ಉತ್ತರವಾದ ಆಕ್ಷೇಪಣಾ ಹೇಳಿಕೆಯಲ್ಲಿ ತುಂಬಿಸಿದರೆ ವಾದ ಗಟ್ಟಿಯಾಗುತ್ತದೆ ಎಂದು ಅಧಿಕಾರಿಗಳು ನಂಬಿರುತ್ತಾರೆ. ಆದರೆ ಶಾಸನಬದ್ಧ ಪ್ರಾಧಿಕಾರದ ಆದೇಶವನ್ನು ಅದರಲ್ಲೇ ನಮೂದಿಸಿದ ಕಾರಣಗಳಿಂದ ಅಳೆಯಬೇಕೇ ಹೊರತು, ತರುವಾಯ ಪ್ರಮಾಣಪತ್ರದ ಮೂಲಕ ಹೊಸ ಕಾರಣಗಳನ್ನು ಸೇರಿಸಿ ಅದಕ್ಕೆ ಬಲ ತುಂಬಲಾಗದು ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಹೇಳಿದೆ. ಹಾಗಾದರೆ ನಾನು ಕಡತದ ಟಿಪ್ಪಣಿ ಹಾಳೆಗಳಲ್ಲಿ ಹುಡುಕಬೇಕಾದದ್ದು ಏನನ್ನು? ಆದೇಶಕ್ಕೆ ಮುಂಚೆಯೇ ನೋಟಿಸ್ ಜಾರಿಯಾಗಿತ್ತೇ, ಅದರಲ್ಲಿ ಈ ಕಾರಣಗಳು ಇದ್ದವೇ, ಅರ್ಜಿದಾರರ ಉತ್ತರ ಯಾವ ದಿನಾಂಕದಂದು ಸ್ವೀಕೃತವಾಯಿತು, ಆ ಉತ್ತರವನ್ನು ಯಾರಾದರೂ ಓದಿದ ಗುರುತು ಟಿಪ್ಪಣಿಯಲ್ಲಿ ಇದೆಯೇ. ಸ್ವೀಕೃತಿ ಮೊಹರಿನ ದಿನಾಂಕವು ಆದೇಶದ ದಿನಾಂಕಕ್ಕಿಂತ ನಂತರದ್ದಾಗಿದ್ದರೆ ವಾದದ ದಿಕ್ಕೇ ಬದಲಾಗಬೇಕಾಗುತ್ತದೆ. ಆಗ ಆದೇಶವನ್ನು ಹಿಂಪಡೆದು, ವಿಚಾರಣೆಯ ಅವಕಾಶ ಕೊಟ್ಟು, ಹೊಸದಾಗಿ ಕಾರಣಸಹಿತ ಆದೇಶ ಹೊರಡಿಸುವಂತೆ ಇಲಾಖೆಗೆ ಸಲಹೆ ಕೊಡುವುದೇ ಮೇಲು ಎಂದು ನಮ್ಮ ವಕೀಲರಿಗೆ ಬರೆದು ಕೊಡುವುದು ಸಂಶೋಧಕರ ಕರ್ತವ್ಯ. ಅದೇ ರೀತಿ, ಕಡತದಲ್ಲಿ ಮಂತ್ರಿಗಳ ಒಪ್ಪಿಗೆಯ ಟಿಪ್ಪಣಿ ಇದೆ ಎಂದ ಮಾತ್ರಕ್ಕೆ ಅದು ಸರ್ಕಾರಿ ಆದೇಶವಾಗುವುದಿಲ್ಲ, ವಿಧಿವತ್ತಾಗಿ ಹೊರಟು ಸಂಬಂಧಪಟ್ಟವರಿಗೆ ತಿಳಿಸಿದಾಗ ಮಾತ್ರ ಆಗುತ್ತದೆ ಎಂಬ ಬಚ್ಚಿತ್ತರ್ ಸಿಂಗ್ ಪ್ರಕರಣದ ತತ್ವವೂ ವಾರಕ್ಕೊಮ್ಮೆಯಾದರೂ ಕೆಲಸಕ್ಕೆ ಬರುತ್ತದೆ.

ಕನ್ನಡ ಬಲ್ಲವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆದರೂ ಬಹುತೇಕ ಕಂದಾಯ ದಾಖಲೆಗಳು ಕನ್ನಡದಲ್ಲಿರುತ್ತವೆ. ಪಹಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯದ ದಾಖಲೆ), ಮ್ಯುಟೇಷನ್ ವಹಿ, ಫೋಡಿ ನಕ್ಷೆ (ಜಮೀನು ವಿಭಜನೆಯ ನಕ್ಷೆ), ಸಾಗುವಳಿ ಚೀಟಿ (ಜಮೀನು ಮಂಜೂರಾತಿಯ ಪತ್ರ) ಇವುಗಳನ್ನು ಒಂದರ ಪಕ್ಕ ಇನ್ನೊಂದನ್ನಿಟ್ಟು ಓದಬಲ್ಲವರು, ಖರಾಬು (ಸಾಗುವಳಿಗೆ ಬಾರದ) ಜಮೀನಿನ ವಿಸ್ತೀರ್ಣ ಯಾವ ವರ್ಷದಲ್ಲಿ ಕಡಿಮೆಯಾಯಿತು ಎಂಬುದನ್ನು ಬೆರಳಿಟ್ಟು ತೋರಿಸಬಲ್ಲವರು ಕಚೇರಿಯಲ್ಲಿ ಬಹಳ ಬೇಗ ಅನಿವಾರ್ಯರಾಗುತ್ತಾರೆ. ಭಾಷಾಂತರವಾಗಿ ಬಂದ ಪ್ರತಿಯನ್ನಷ್ಟೇ ನಂಬದೆ ಮೂಲವನ್ನು ನೋಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಿ.

ಇನ್ನು ತೀರ್ಪುಗಳ ವಿಷಯ. ತೀರ್ಪು ಸಿಕ್ಕಿತು ಎನ್ನುವಲ್ಲಿಗೆ ಸಂಶೋಧನೆಯ ಅರ್ಧ ಭಾಗ ಮಾತ್ರ ಮುಗಿದಿರುತ್ತದೆ. ಅದು ಇಂದಿಗೂ ಊರ್ಜಿತವಾಗಿದೆಯೇ ಎಂದು ನೋಡುವುದು ಉಳಿದರ್ಧ. ಹಳೆಯ ಕಾಯ್ದೆಯಡಿ ಆರಂಭವಾದ ಸ್ವಾಧೀನ ಪ್ರಕ್ರಿಯೆ ಯಾವಾಗ ಬಿದ್ದುಹೋಗುತ್ತದೆ ಎಂದು ಹೇಳುವ, 2013ರ ಭೂಸ್ವಾಧೀನ ಕಾಯ್ದೆಯ 24(2)ನೇ ಕಲಮನ್ನು ತೆಗೆದುಕೊಳ್ಳಿ. ಪರಿಹಾರದ ಹಣವನ್ನು ಖಜಾನೆಯಲ್ಲಿಟ್ಟರೆ ಸಾಲದು, ಇಂಥ ಪ್ರಕರಣಗಳಲ್ಲಿ ಹಳೆಯ ಸ್ವಾಧೀನ ಪ್ರಕ್ರಿಯೆ ಬಿದ್ದುಹೋಗುತ್ತದೆ ಎಂದು 2014ರಲ್ಲಿ ಪುಣೆ ಮಹಾನಗರ ಪಾಲಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದನ್ನು ಆಧರಿಸಿ ದೇಶದೆಲ್ಲೆಡೆ ತೀರ್ಪುಗಳು ಬಂದವು. 2020ರ ಮಾರ್ಚ್‌ನಲ್ಲಿ ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಅದನ್ನೂ ಅದನ್ನು ಅನುಸರಿಸಿದ ತೀರ್ಪುಗಳನ್ನೂ ತಳ್ಳಿಹಾಕಿತು. ನಡುವಿನ ಆರು ವರ್ಷಗಳ ತೀರ್ಪುಗಳು ಹುಡುಕಾಟದಲ್ಲಿ ಇಂದಿಗೂ ಮೇಲೆಯೇ ತೋರುತ್ತವೆ, ಮತ್ತು ಅವುಗಳನ್ನು ಎಚ್ಚರವಿಲ್ಲದೆ ಎತ್ತಿಕೊಂಡವರು ನ್ಯಾಯಪೀಠದ ಮುಂದೆ ನಿರುತ್ತರರಾಗಬೇಕಾಗುತ್ತದೆ.

ಕೆಲವೊಮ್ಮೆ ಬದಲಾವಣೆ ಶಾಸನಸಭೆಯಿಂದ ಬರುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನುಗಳ ಪರಭಾರೆಯನ್ನು ನಿಷೇಧಿಸುವ ನಮ್ಮ ರಾಜ್ಯದ 1978ರ ಕಾಯ್ದೆಯಡಿ, ಜಮೀನು ಮರಳಿ ಕೊಡಿಸಬೇಕೆಂಬ ಅರ್ಜಿಯನ್ನು ಸಮಂಜಸ ಅವಧಿಯೊಳಗೆ ಸಲ್ಲಿಸಬೇಕು ಎಂದು 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ವಿಳಂಬದ ಕಾರಣಕ್ಕೇ ಅರ್ಜಿಗಳು ವಜಾ ಆಗುತ್ತಿರಲು, 2023ರಲ್ಲಿ ರಾಜ್ಯವು ಕಾಯ್ದೆಗೆ ತಿದ್ದುಪಡಿ ತಂದು ಇಂತಹ ಅರ್ಜಿಗಳಿಗೆ ಕಾಲಮಿತಿ ಇಲ್ಲವೆಂದು ಸೇರಿಸಿತು. ಈ ವಿಷಯದ ಮೇಲೆ ಟಿಪ್ಪಣಿ ಬರೆಯುವಾಗ ತೀರ್ಪನ್ನು ಬಿಟ್ಟು ತಿದ್ದುಪಡಿಯನ್ನಷ್ಟೇ ಉಲ್ಲೇಖಿಸುವುದೂ ತಪ್ಪು, ತಿದ್ದುಪಡಿಯನ್ನು ಬಿಟ್ಟು ತೀರ್ಪನ್ನಷ್ಟೇ ಉಲ್ಲೇಖಿಸುವುದೂ ತಪ್ಪು. ಎರಡನ್ನೂ ಇಟ್ಟು, ತಿದ್ದುಪಡಿಯ ನಂತರ ನಮ್ಮ ಹೈಕೋರ್ಟಿನ ಪೀಠಗಳು ಏನು ಹೇಳಿವೆ ಎಂಬುದನ್ನು ದಿನಾಂಕದ ಅನುಕ್ರಮದಲ್ಲಿ ಕೊಡಬೇಕು.

ಪ್ರತಿಕೂಲ ತೀರ್ಪನ್ನು ಹೇಳಿದರೆ ಹಿರಿಯರಿಗೆ ಅಸಮಾಧಾನವಾದೀತೆಂದು ಅಂಜುವವರನ್ನು ಕಂಡಿದ್ದೇನೆ. ಅಂಜಬೇಕಾಗಿಲ್ಲ. ಪ್ರಾಮಾಣಿಕವಾದ ಹಕ್ಕುಕೋರಿಕೆಯನ್ನು ತಾಂತ್ರಿಕ ನೆಪಗಳಿಂದ ಸೋಲಿಸಲು ಹೊರಡುವುದು ಸರ್ಕಾರಕ್ಕೆ ತಕ್ಕುದಲ್ಲ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ದಿಲ್‌ಬಾಗ್ ರಾಯ್ ಜೆರ್ರಿ ಪ್ರಕರಣದಲ್ಲಿ ಬರೆದದ್ದನ್ನು ನಾನು ಈ ಕೆಲಸದ ಬುನಾದಿ ಎಂದೇ ಭಾವಿಸುತ್ತೇನೆ. ನಮ್ಮ ಕಕ್ಷಿದಾರ ರಾಜ್ಯ. ಎದುರಿಗೆ ನಿಂತಿರುವವರೂ ಆ ರಾಜ್ಯದ ಪ್ರಜೆಗಳೇ. ಪಿಂಚಣಿಗಾಗಿ ಅಲೆಯುತ್ತಿರುವ ನಿವೃತ್ತ ನೌಕರರೊಬ್ಬರ ವಿಷಯದಲ್ಲಿ ಕಾನೂನು ಈಗಾಗಲೇ ಇತ್ಯರ್ಥವಾಗಿದ್ದರೆ, ಮೇಲ್ಮನವಿ ಬೇಡ ಎಂಬ ಅಭಿಪ್ರಾಯಕ್ಕೆ ಆಧಾರ ಒದಗಿಸುವ ಒಂದು ಪುಟದ ಟಿಪ್ಪಣಿ ಗೆದ್ದ ಮೊಕದ್ದಮೆಗಿಂತ ಕಡಿಮೆಯದಲ್ಲ.

ಮೇಲ್ಮನವಿ ಎಂದ ಕೂಡಲೇ ಕಾಲಮಿತಿಯ ಮಾತು ಬರುತ್ತದೆ, ಮತ್ತು ಸರ್ಕಾರ ಅತಿ ಹೆಚ್ಚು ಮುಜುಗರಪಡುವ ಸ್ಥಳವೂ ಅದೇ. ಏಕಸದಸ್ಯ ಪೀಠದ ಆದೇಶದ ವಿರುದ್ಧ ವಿಭಾಗೀಯ ಪೀಠಕ್ಕೆ ಹೋಗಲು ಇರುವುದು 30 ದಿನ. ಕಡತವು ಇಲಾಖೆಯಿಂದ ಇಲಾಖೆಗೆ ಸಾಗುವಷ್ಟರಲ್ಲಿ ಅದು ಕಳೆದುಹೋಗಿರುತ್ತದೆ. 1987ರ ಕಾಟಿಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಳಂಬದ ಬಗ್ಗೆ ತಳೆದ ಉದಾರ ಧೋರಣೆಯನ್ನು ಉಲ್ಲೇಖಿಸಿ ವಿಳಂಬ ಮನ್ನಾ ಕೇಳುವ ಪದ್ಧತಿ ಇನ್ನೂ ನಡೆದಿದೆ. ಆದರೆ 2012ರಲ್ಲಿ ಅಂಚೆ ಇಲಾಖೆಯ 427 ದಿನಗಳ ವಿಳಂಬವನ್ನು ಮನ್ನಿಸಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2020ರಲ್ಲಿ ಭೇರುಲಾಲ್ ಪ್ರಕರಣದಲ್ಲಿ 663 ದಿನ ತಡಮಾಡಿದ ಮಧ್ಯಪ್ರದೇಶ ಸರ್ಕಾರಕ್ಕೆ 25,000 ರೂಪಾಯಿ ದಂಡವನ್ನೂ ವಿಧಿಸಿತು. ಆದ್ದರಿಂದ ಕಡತ ಎಲ್ಲೆಲ್ಲಿ ಎಷ್ಟು ದಿನ ಇತ್ತು ಎಂಬ ದಿನಾಂಕಪಟ್ಟಿಯನ್ನು ಕಡತ ನೋಡಿಯೇ ಸಿದ್ಧಪಡಿಸಿ. ‘ಆಡಳಿತಾತ್ಮಕ ಕಾರಣಗಳಿಂದ’ ಎಂಬ ಒಂದು ಸಾಲು ಈಗ ಯಾವ ಪೀಠದ ಮುಂದೆಯೂ ನಿಲ್ಲುವುದಿಲ್ಲ.

ಸಾಧನಗಳ ಕೊರತೆ ಇಲ್ಲ. ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳು 2023ರಿಂದ ಇ-ಎಸ್‌ಸಿಆರ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ, ನಮ್ಮ ಹೈಕೋರ್ಟಿನ ತೀರ್ಪುಗಳಿಗೂ ತಟಸ್ಥ ಉಲ್ಲೇಖ ಸಂಖ್ಯೆ (ನ್ಯಾಯಾಲಯವೇ ಪ್ರತಿ ತೀರ್ಪಿಗೆ ಕೊಡುವ ಗುರುತಿನ ಸಂಖ್ಯೆ) ಬಂದಿದೆ, ತೀರ್ಪುಗಳ ವರದಿಗಳಾದ ಐಎಲ್‌ಆರ್ ಕರ್ನಾಟಕ ಸಂಪುಟಗಳಿವೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶ ಕೊಟ್ಟ ಪ್ರಕರಣದ ಹೆಸರನ್ನು ಮಾತ್ರ ಮೂಲ ತೀರ್ಪು ತೆರೆದು ಓದದೆ ಟಿಪ್ಪಣಿಗೆ ಸೇರಿಸಬೇಡಿ. ಅಧೀನ ನ್ಯಾಯಾಲಯವೊಂದರ ಆದೇಶದಲ್ಲಿ ಉಲ್ಲೇಖಗೊಂಡಿದ್ದ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲವೆಂದು 2025ರಲ್ಲಿ ನಮ್ಮ ಹೈಕೋರ್ಟೇ ಗಂಭೀರವಾಗಿ ಗಮನಿಸಿದೆ. ತೀರ್ಪಿನ ಶಿರೋಟಿಪ್ಪಣಿಯನ್ನೂ (ಮೇಲ್ಭಾಗದಲ್ಲಿ ಕೊಟ್ಟಿರುವ ಸಾರಾಂಶವನ್ನೂ) ನಂಬಿ ನಿಲ್ಲಬೇಡಿ. ಕೊನೆಯ ಕಂಡಿಕೆಯವರೆಗೆ ಓದಿದಾಗ ಮಾತ್ರ, ಪೀಠವು ತತ್ವವನ್ನು ಒಪ್ಪಿಯೂ ಆ ಪ್ರಕರಣದಲ್ಲಿ ಪರಿಹಾರ ನಿರಾಕರಿಸಿದ್ದು ಕಾಣುತ್ತದೆ.

ವೃತ್ತಿಯ ಪ್ರಶ್ನೆಗೆ ಬರುತ್ತೇನೆ. ವಾದ ಮಾಡದೆ ಇರುವುದರಿಂದ ಬುದ್ಧಿ ಮಂಕಾಗುವುದಿಲ್ಲ. ಆದರೆ ನೇಮಕಾತಿ ಪತ್ರದ ಸ್ವರೂಪವನ್ನು ಸೇರುವ ಮುನ್ನವೇ ಪರಿಶೀಲಿಸಿ. ಪೂರ್ಣಾವಧಿ ವೇತನದ ನೌಕರಿಯಾದರೆ ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದಂತೆ ಆ ಅವಧಿಯಲ್ಲಿ ವಕೀಲಿ ನಡೆಸುವಂತಿಲ್ಲ, ಸನದು (ವಕೀಲಿ ನಡೆಸುವ ಪರವಾನಗಿ) ಅಮಾನತಿನಲ್ಲಿಡಬೇಕಾಗುತ್ತದೆ. ಗೌರವಧನದ ಮೇಲೆ ವಕೀಲರಾಗಿಯೇ ನೆರವಾಗುವ ವ್ಯವಸ್ಥೆಯಾದರೆ ಸ್ಥಿತಿ ಬೇರೆ. ಸಿವಿಲ್ ನ್ಯಾಯಾಧೀಶರ ಹುದ್ದೆಯ ಪ್ರವೇಶಕ್ಕೆ ಮೂರು ವರ್ಷಗಳ ವಕೀಲಿ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದಾಗ, ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ದುಡಿದ ಅವಧಿಯನ್ನು ಲೆಕ್ಕಕ್ಕೆ ಹಿಡಿಯಬಹುದೆಂದಿತು. ಸರ್ಕಾರಿ ವಕೀಲರ ಸಂಶೋಧಕರು ಆ ವರ್ಗಕ್ಕೆ ತಾವಾಗಿಯೇ ಸೇರುತ್ತಾರೆಂದು ಭಾವಿಸಬೇಡಿ. ನ್ಯಾಯಾಂಗ ಸೇವೆಯ ಗುರಿಯಿದ್ದರೆ, ಸನದು ಚಾಲ್ತಿಯಲ್ಲಿರುವಂತಹ ನೇಮಕವನ್ನೇ ಕೇಳಿ ಪಡೆಯಿರಿ, ಹಾಜರಾತಿ ದಾಖಲಾಗುವ ಸಣ್ಣಪುಟ್ಟ ಪ್ರಕರಣಗಳಲ್ಲಿ ನ್ಯಾಯಾಲಯದಲ್ಲಿ ನಿಲ್ಲಲು ಅವಕಾಶ ಕೇಳಿ, ಮತ್ತು ಪರೀಕ್ಷೆಯ ಅಧಿಸೂಚನೆ ಹೊರಬಿದ್ದಾಗ ಅದರ ಅರ್ಹತಾ ಷರತ್ತನ್ನು ಅಕ್ಷರಶಃ ಓದಿ.